ಪ್ರಿಯ ಹ್ಯಾರಿ

ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್, ಹಸ್ತಪ್ರತಿ ವಿಭಾಗದ ಓದುಕೋಣೆ. ಒಳಗೆ ಪೆನ್ನು ತರುವಂತಿಲ್ಲ; ಬರೆದುಕೊಳ್ಳಲು ಪೆನ್ಸಿಲ್ಲೇ ಗತಿ. ಪೆಟ್ಟಿಗೆಯಿಂದ ಒಂದು ಸಲಕ್ಕೆ ಒಂದೇ ಕಡತ ಹೊರಬರಬೇಕು. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 1970ರಿಂದ 1994ರವರೆಗೆ ನ್ಯಾಯಮೂರ್ತಿಯಾಗಿದ್ದ ಹ್ಯಾರಿ ಬ್ಲ್ಯಾಕ್‌ಮನ್ನರ ಕಾಗದಪತ್ರಗಳೇ ಇಲ್ಲಿ ಒಂದೂವರೆ ಸಾವಿರ ಪೆಟ್ಟಿಗೆ ದಾಟುತ್ತವೆ. ಪುಣ್ಯಾತ್ಮ ಏನನ್ನೂ ಬಿಸಾಡಿದಂತಿಲ್ಲ.

ಹೆಚ್ಚಿನವು ಒಣ ಕಾಗದ. ತೀರ್ಪಿನ ಕರಡು ಬರೆದವರಿಗೆ ಸಹೋದ್ಯೋಗಿಯ ಒಂದು ಸಾಲು: ನನ್ನನ್ನೂ ಸೇರಿಸಿಕೊಳ್ಳಿ. ಪ್ರತಿ ಎಲ್ಲರಿಗೂ ಎಂಬ ಒಕ್ಕಣೆ ಕೆಳಗೆ. ಈ ಒಕ್ಕಣೆ ಇಲ್ಲದ ಕಾಗದ ಕೈಗೆ ಬಂದರೆ ಮಾತ್ರ ಓದುಗ ನೆಟ್ಟಗೆ ಕೂರುತ್ತಾನೆ.

ಒಂದು ಚೀಟಿ 1973ರ ಅಕ್ಟೋಬರ್ 10ರದು. ಬರೆದವರು ನ್ಯಾಯಮೂರ್ತಿ ಪಾಟರ್ ಸ್ಟೀವರ್ಟ್. ಕೈದಾಟಿದ್ದು ನ್ಯಾಯಪೀಠದ ಮೇಲೆಯೇ, ವಾದ ನಡೆಯುತ್ತಿದ್ದಾಗ. ಉಪಾಧ್ಯಕ್ಷ ಆಗ್ನ್ಯೂ ರಾಜೀನಾಮೆ ಕೊಟ್ಟರಂತೆ. ಅದರ ಜೊತೆಗೇ ಬೇಸ್‌ಬಾಲ್ ಸ್ಕೋರು, ಮೆಟ್ಸ್ 2, ರೆಡ್ಸ್ 0. ಎದುರಿಗೆ ನಿಂತು ವಾದಿಸುತ್ತಿದ್ದ ವಕೀಲರು, ಪಾಪ!

ಇನ್ನೊಂದು 1992ರ ಮೇ 29ರದು, ನ್ಯಾಯಮೂರ್ತಿ ಆಂಥೊನಿ ಕೆನಡಿಯವರ ಕೈಬರಹ. ಗರ್ಭಪಾತದ ಹಕ್ಕನ್ನು ಎತ್ತಿಹಿಡಿದ 1973ರ ರೋ ತೀರ್ಪನ್ನು ಬರೆದವರು ಬ್ಲ್ಯಾಕ್‌ಮನ್. ಅದರ ಬುಡವನ್ನೇ ಸಡಿಲಿಸುವ ಬಹುಮತದ ಕರಡು ಮುಖ್ಯ ನ್ಯಾಯಮೂರ್ತಿ ರೆನ್‌ಕ್ವಿಸ್ಟರಿಂದ ಆಗಷ್ಟೇ ಬಂದಿತ್ತು. ಆ ಬಹುಮತಕ್ಕೆ ಕೆನಡಿಯ ಮತವೂ ಬೇಕಿತ್ತು. ‘ಪ್ರಿಯ ಹ್ಯಾರಿ’ ಎಂದು ಶುರುವಾಗುವ ಚೀಟಿಯಲ್ಲಿರುವುದು ಇಷ್ಟೇ: ಬಿಡುವಾದೊಡನೆ ನಿಮ್ಮನ್ನು ಕಾಣಬೇಕು, ಹೇಳುವುದರಲ್ಲಿ ಸ್ವಲ್ಪವಾದರೂ ನಿಮಗೆ ಹಿತವಾದೀತು. ಭೇಟಿಯಾಯಿತು. 83ರ ಮುದುಕ ಗುಲಾಬಿ ಬಣ್ಣದ ಹಾಳೆಯಲ್ಲಿ ಗೀಚಿಕೊಂಡ ಎರಡು ಪದಗಳ ತಾತ್ಪರ್ಯ, ರೋ ಗಟ್ಟಿಯಾಗಿದೆ. ತಿಂಗಳೊಪ್ಪತ್ತಿನಲ್ಲಿ ಹೊರಬಿದ್ದ ತೀರ್ಪೂ ಅದರ ತಿರುಳನ್ನು ಉಳಿಸಿತು. 2022ರಲ್ಲಿ ಅದೇ ಕೋರ್ಟು ರೋ ತೀರ್ಪನ್ನು ಕಿತ್ತುಹಾಕಿದ್ದು ಬೇರೆ ಕಥೆ.

ಇಂಥವು ಹೊರಗೆ ಬರಬಾರದೆಂದು ಹ್ಯೂಗೊ ಬ್ಲ್ಯಾಕ್ ಎಂಬ ನ್ಯಾಯಮೂರ್ತಿ 1971ರಲ್ಲಿ, ಸಾಯುವ ಮುನ್ನ, ತಮ್ಮ ಟಿಪ್ಪಣಿಗಳನ್ನು ಮನೆಯವರಿಂದಲೇ ಸುಡಿಸಿದರು. 1993ರಲ್ಲಿ ಮಾಜಿ ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ತೀರಿಕೊಂಡೊಡನೆ ಅವರ ಕಡತಗಳು ತೆರೆದಾಗ ರೆನ್‌ಕ್ವಿಸ್ಟ್ ಗ್ರಂಥಾಲಯಕ್ಕೆ ಕಟುವಾಗಿ ಬರೆದರು. ಗ್ರಂಥಾಲಯ ಜಗ್ಗಲಿಲ್ಲ. 2004ರ ಮಾರ್ಚ್ 4ರಂದು ಬ್ಲ್ಯಾಕ್‌ಮನ್ನರ ಪೆಟ್ಟಿಗೆಗಳೂ ತೆರೆದವು. ಕೆನಡಿ, ರೆನ್‌ಕ್ವಿಸ್ಟ್ ಇಬ್ಬರೂ ಆಗಿನ್ನೂ ಪೀಠದಲ್ಲೇ ಇದ್ದರು. ರೆನ್‌ಕ್ವಿಸ್ಟರ ಕಾಗದಗಳು ಮಾತ್ರ ಈ ಗ್ರಂಥಾಲಯಕ್ಕೆ ಬರಲಿಲ್ಲ, ಸ್ಟ್ಯಾನ್‌ಫರ್ಡ್‌ನ ಹೂವರ್ ಸಂಸ್ಥೆಗೆ ಹೋದವು.