ಹಮಾಮಿನಿಂದ ಹೊರಡುವ ಬೇಸಿಗೆ ರಜೆ

ಮಕ್ಕಳಿಗೆ ರಜೆ ಸಿಗುವ ಹೊತ್ತಿಗೇ ಬೀದರಿನಲ್ಲಿ ಬಿಸಿಲು ಏರುವುದು. ಕೋಟೆಯ ಗುಂಬಜ್ ದರವಾಜಾ ದಾಟಿ ಬಂದವರ ಕಣ್ಣು ಮೊದಲು ಹುಡುಕುವುದು ನೆರಳನ್ನು. ಸೋಲಾ ಖಂಬ ಮಸೀದಿಯ ಹತ್ತಿರ ಆ ನೆರಳಿದೆ: ಶಾಹಿ ಹಮಾಮು. ಅರಮನೆಯವರು ಮೀಯುತ್ತಿದ್ದ ಈ ದಪ್ಪ ಗೋಡೆಯ ಕಟ್ಟಡದಲ್ಲೇ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವಿದೆ.

ಹಳೆಯ ಕತ್ತಿ, ಬಂದೂಕು, ಕಲ್ಲಿನ ಶಿಲ್ಪ ಇಲ್ಲಿವೆ. ಸಂಗ್ರಹ ದೊಡ್ಡದಲ್ಲ, ಅವಸರದವರು ಒಂದು ಸುತ್ತು ಹಾಕಿ ಹೊರಬೀಳುತ್ತಾರೆ. ಹಾಗೆ ಹೊರಬಿದ್ದವರು ತಪ್ಪಿಸಿಕೊಳ್ಳುವುದು ರಂಗೀನ್ ಮಹಲನ್ನು. ಅದಕ್ಕೆ ಸಾಮಾನ್ಯವಾಗಿ ಬೀಗ ಬಿದ್ದಿರುತ್ತದೆ. ತೋರಿಸಿ ಎಂದು ಸಂಗ್ರಹಾಲಯದ ಸಿಬ್ಬಂದಿಯನ್ನೇ ಕೇಳಬೇಕು. ಕೇಳಲು ಸಂಕೋಚ ಬೇಡ. ಬರೀದ್ ಶಾಹಿ ಕಾಲದಲ್ಲಿ ಕರಿಕಲ್ಲಿನೊಳಗೆ ಮುತ್ತಿನ ಚಿಪ್ಪು ಕೂರಿಸಿ ಮಾಡಿದ ಬಳ್ಳಿಗಳು ಅಲ್ಲಿ ಇಂದಿಗೂ ಮಿನುಗುತ್ತವೆ.

ಕಪ್ಪಿನ ಮೇಲೆ ಬಿಳಿಯ ಇದೇ ಮೋಹ ಹಳೇ ಊರಿನ ಗಲ್ಲಿಗಳಲ್ಲಿ ಬಿದ್ರಿಯಾಗಿ ಮುಂದುವರಿದಿದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಮೈಲುತುತ್ತ ಬಳಿದು ಮೈ ಕಪ್ಪಾಗಿಸಿ, ಉಳಿಯಿಂದ ಚಿತ್ತಾರ ಕೊರೆದು, ಅದರೊಳಗೆ ಬೆಳ್ಳಿಯ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ಬೇಕಾಗುವುದು ಕೋಟೆಯ ಮಣ್ಣು. ಬಿಸಿಲು ಮಳೆ ಬೀಳದ ಮೂಲೆಯಿಂದ ತಂದ ಮಣ್ಣನ್ನು ಕುಶಲಕರ್ಮಿಗಳು ನಾಲಿಗೆಗೆ ಹಚ್ಚಿ ಪರೀಕ್ಷಿಸುವುದುಂಟು. ನವಸಾಗರದ ಜೊತೆ ಅದನ್ನು ಕಲಸಿ ಉಜ್ಜಿದರೆ ಲೋಹ ಕಡುಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತದೆ. 2006ರಲ್ಲಿ ಭೌಗೋಳಿಕ ಗುರುತು ಪಡೆದ ಈ ಕಲೆಯ ಕುಶಲಕರ್ಮಿ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಗಾಜಿನ ಪೆಟ್ಟಿಗೆಯಲ್ಲಿ ಹತ್ತು ಹೂಜಿ ನೋಡುವುದಕ್ಕಿಂತ ಒಂದು ಹೂಜಿ ಕಪ್ಪಾಗುವುದನ್ನು ನೋಡುವುದೇ ಮಕ್ಕಳಿಗೆ ಹೆಚ್ಚು ಕಲಿಸೀತು.

ಏಪ್ರಿಲ್ 18 ವಿಶ್ವ ಪರಂಪರೆ ದಿನ, ಮೇ 18 ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ದಿನ. ಎರಡೂ ರಜೆಯ ದಿನಗಳಲ್ಲೇ ಬರುತ್ತವೆ. ಭಾಷಣ ಮುಗಿಸಿ ನಡೆಯಲು ಹೊರಡುವವರಿಗೆ ದಾರಿ ಸಿದ್ಧವಾಗಿದೆ: ಬಹಮನಿಗಳ ಮಂತ್ರಿ ಮಹಮೂದ್ ಗವಾನ 1472ರಲ್ಲಿ ಕಟ್ಟಿಸಿದ, ಈಗ ಒಂದೇ ಮಿನಾರು ಉಳಿದಿರುವ ಮದರಸಾ, ನೌಬಾದಿನ ಸುರಂಗ ಬಾವಿ, ಆಮೇಲೆ ಅಷ್ಟೂರು.

ಅಷ್ಟೂರಿನಲ್ಲಿ ಬೇಸಿಗೆಯ ಹಬ್ಬವೂ ಉಂಟು. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಬಹಮನಿ ಸುಲ್ತಾನ ಅಹಮದ್ ಶಾಹನ ಗೋರಿಯಲ್ಲಿ, ಹೋಳಿಯ ನಂತರ ಜಾತ್ರೆ ಸೇರುತ್ತದೆ. ಆಳಂದ ತಾಲ್ಲೂಕಿನ ಮಾಡಿಯಾಳದಿಂದ ಜಂಗಮರು ಮೆರವಣಿಗೆಯಲ್ಲಿ ಬಂದು ಅದನ್ನು ನಡೆಸಿಕೊಡುತ್ತಾರೆ. ಮುಸ್ಲಿಮರಿಗೆ ಆತ ವಲಿ, ಲಿಂಗಾಯತರಿಗೆ ಅಲ್ಲಮಪ್ರಭು. ಉರುಸೋ ಜಾತ್ರೆಯೋ ಎಂಬ ಪ್ರಶ್ನೆ ಹೊರಗಿನವರದು.

ಭಾಲ್ಕಿ, ಔರಾದ ಕಡೆಯ ಮಕ್ಕಳು ಬೀದರಿಗೆ ಬಂದು ಸುಲ್ತಾನರ ಹೆಸರು ಬರೆದುಕೊಂಡು ಹೋಗುವುದು ಸರಿ. ಬೀದರಿನವರೂ ಅತ್ತ ಹೋಗಬೇಕು. ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹುಟ್ಟಿದ್ದು ಹಿಂದೆ ಔರಾದ ತಾಲ್ಲೂಕಿನಲ್ಲಿದ್ದ ಕಮಲನಗರದಲ್ಲಿ. ನಿಜಾಮರ ಆಳ್ವಿಕೆಯಲ್ಲಿ ಅವರು ಶಾಲೆಯ ಹೊರಗೆ ಉರ್ದು ಬೋರ್ಡು ತೂಗಿಸಿ ಒಳಗೆ ಕನ್ನಡ ಕಲಿಸಿದರು. 1999ರವರೆಗೂ ಅವರು ಬದುಕಿದ್ದರು; ಅವರನ್ನು ಕಂಡವರು ಇನ್ನೂ ಊರೂರಲ್ಲಿದ್ದಾರೆ. ಹಮಾಮಿನ ಕತ್ತಿಗಳು ಕಾಯಬಲ್ಲವು, ಈ ಹಿರಿಯರ ನೆನಪನ್ನು ಬರೆದಿಡುವ ಕೆಲಸ ಕಾಯಲಾರದು. ರಜೆಯಲ್ಲಿ ನೋಟುಬುಕ್ಕು ಹಿಡಿದು ಹೊರಡುವ ಹೈಸ್ಕೂಲು ಮಕ್ಕಳಿಗೆ ದಾರಿಯೂ ಕಷ್ಟವಲ್ಲ. ಬೀದರಿನಿಂದ ಉದಗೀರದ ಕಡೆ ಹೋಗುವ ರೈಲುಹಾದಿಯಲ್ಲೇ ಭಾಲ್ಕಿಯೂ ಕಮಲನಗರವೂ ಸಿಗುತ್ತವೆ.