ಅರೆಟೊಳ್ಳು ಗಿಟಾರ್: ಕಡಿಮೆ ದುಡ್ಡಿಗೆ ಗಟ್ಟಿ ಆಯ್ಕೆ

ವಾದ್ಯಗಳ ಅಂಗಡಿಯ ಗೋಡೆಯಲ್ಲಿ ನೇತುಹಾಕಿದ ಎಲೆಕ್ಟ್ರಿಕ್ ಗಿಟಾರ್‌ಗಳ ನಡುವೆ ಕೆಲವು ಬೇರೆಯಾಗಿ ಕಾಣುತ್ತವೆ. ಒಡಲು ಅಗಲ, ದಪ್ಪ ಕಡಿಮೆ. ಎರಡೂ ಬದಿಗೆ ಪಿಟೀಲಿನಲ್ಲಿರುವಂಥ ಎಫ್ ಆಕಾರದ ಸೀಳುಗಳು. ಇವುಗಳಲ್ಲಿ ಹೆಚ್ಚಿನವು ಅರೆಟೊಳ್ಳು, ಅಂದರೆ ಸೆಮಿ-ಹಾಲೋ ಗಿಟಾರ್‌ಗಳು. ಬ್ಲೂಸ್, ಜಾಝ್, ಹಳೆಯ ರಾಕ್ ನುಡಿಸಬೇಕೆನ್ನುವವರ ಕಣ್ಣು ಒಂದಲ್ಲ ಒಂದು ದಿನ ಇವುಗಳ ಮೇಲೆ ಬೀಳುತ್ತದೆ. ಹೆಸರಾಂತ ಅಮೆರಿಕನ್ ಮಾದರಿಗಳ ಬೆಲೆ ಲಕ್ಷಗಳಲ್ಲಿದೆ. ಅದರ ಸಣ್ಣ ಪಾಲಿಗೆ ಸಿಗುವ ಗಿಟಾರ್‌ಗಳೂ ಇವೆ, ಅವುಗಳಲ್ಲಿ ಒಳ್ಳೆಯವೂ ಇವೆ. ಆರಿಸುವವರಿಗೆ ಒಂದೇ ಸೂತ್ರ ಸಾಕು: ಆಮೇಲೆ ಬದಲಿಸಲಾಗದ್ದನ್ನು ಮೊದಲು ನೋಡಬೇಕು, ಬದಲಿಸಬಹುದಾದ್ದನ್ನು ಕೊನೆಗೆ ನೋಡಬೇಕು.

ಹೊಟ್ಟೆಯಲ್ಲಿ ದಿಮ್ಮಿ ಏಕೆ ಬಂತು?

ಟೊಳ್ಳು ಒಡಲಿನ ಗಿಟಾರ್‌ಗೆ ಪಿಕಪ್ (ತಂತಿಯ ನಡುಕವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಕೂರಿಸುವ ಕೆಲಸ 1930ರ ದಶಕದಲ್ಲೇ ನಡೆದಿತ್ತು. ಗಿಬ್ಸನ್ ಕಂಪನಿ 1936ರಲ್ಲಿ ತಂದ ಇಎಸ್-150 ಗಿಟಾರನ್ನು ಹಿಡಿದು ಚಾರ್ಲಿ ಕ್ರಿಶ್ಚಿಯನ್ ಜಾಝ್ ತಂಡಗಳಲ್ಲಿ ಗಿಟಾರ್‌ಗೆ ಒಂಟಿಯಾಗಿ ನುಡಿಯುವ ಸ್ಥಾನ ಗಳಿಸಿಕೊಟ್ಟರು. ತೊಂದರೆ ಶುರುವಾದದ್ದು ಸದ್ದು ಏರಿಸಿದಾಗ. ಆಂಪ್ಲಿಫೈಯರ್‌ನಿಂದ ಹೊರಟ ಶಬ್ದ ಗಿಟಾರಿನ ತೆಳು ಮೇಲ್ಪದರವನ್ನು ನಡುಗಿಸುತ್ತದೆ, ಆ ನಡುಕ ತಂತಿಗೆ ದಾಟುತ್ತದೆ, ಪಿಕಪ್ ಅದನ್ನು ಹಿಡಿದು ಮತ್ತೆ ಆಂಪ್ಲಿಫೈಯರ್‌ಗೆ ಕಳಿಸುತ್ತದೆ. ಈ ಸುತ್ತು ಬೆಳೆಯುತ್ತಾ ಹೋಗಿ ‘ಹೋಂ’ ಎಂಬ ಊಳಾಗುತ್ತದೆ. ಇದೇ ಫೀಡ್‌ಬ್ಯಾಕ್.

ಲೆಸ್ ಪಾಲ್ ಎಂಬ ಗಿಟಾರ್ ವಾದಕರು 1940ರ ಸುಮಾರಿಗೆ ನಾಲ್ಕಿಂಚು ಚೌಕದ ಒಂದು ಪೈನ್ ತೊಲೆಗೆ ತಂತಿ, ಪಿಕಪ್ ಜೋಡಿಸಿ ನುಡಿಸಿದರು. ನೋಡಲು ಗಿಟಾರಿನಂತಿರಲಿ ಎಂದು ಒಂದು ಎಪಿಫೋನ್ ಗಿಟಾರನ್ನು ಸೀಳಿ ಅದರ ಎರಡು ಪಕ್ಕೆಗಳನ್ನು ತೊಲೆಗೆ ಅಂಟಿಸಿಕೊಂಡರು. ತೊಲೆ ನಡುಗದು, ಆದ್ದರಿಂದ ಊಳೂ ಇಲ್ಲ. ಇದರ ಹಿಂದಿನ ಯೋಚನೆ ಪಕ್ವವಾಗಿ ಅಂಗಡಿಗೆ ಬಂದದ್ದು 1958ರಲ್ಲಿ, ಟೆಡ್ ಮೆಕಾರ್ಟಿ ಗಿಬ್ಸನ್ ಅಧ್ಯಕ್ಷರಾಗಿದ್ದಾಗ. ಮಿಷಿಗನ್ ರಾಜ್ಯದ ಕಲಮಜೂ ಊರಿನ ಕಾರ್ಖಾನೆಯಲ್ಲಿ ತಯಾರಾದ ಇಎಸ್-335 ಗಿಟಾರಿನ ಒಡಲು ಹದಿನಾರು ಇಂಚು ಅಗಲ, ಸುಮಾರು ಒಂದೂಮುಕ್ಕಾಲು ಇಂಚು ದಪ್ಪ. ನಟ್ಟನಡುವೆ ನೆಕ್ಕಿನ ಬುಡದಿಂದ ಕೆಳತುದಿಯವರೆಗೆ ಮೇಪಲ್ ಮರದ ದಿಮ್ಮಿ, ಅದರ ಎರಡೂ ಪಕ್ಕ ಟೊಳ್ಳು. ಪಿಕಪ್ಪು, ಬ್ರಿಡ್ಜು ದಿಮ್ಮಿಯ ಮೇಲೆ ಗಟ್ಟಿಯಾಗಿ ಕೂತವು. ಸ್ವರ ಹೆಚ್ಚು ಹೊತ್ತು ನಿಂತಿತು, ಊಳು ಹತೋಟಿಗೆ ಬಂತು, ಪಕ್ಕದ ಟೊಳ್ಳಿನಿಂದ ನಾದಕ್ಕೆ ಒಂದಿಷ್ಟು ಉಸಿರೂ ಉಳಿಯಿತು.

ಇಂದಿಗೂ ಈ ಬಗೆಯ ಗಿಟಾರ್‌ಗಳೆಲ್ಲ ಬಹುಮಟ್ಟಿಗೆ ಇದೇ ನಕ್ಷೆಯವು. ಹಾಗಾಗಿ ಮೊದಲ ಪ್ರಶ್ನೆ ಬ್ರಾಂಡ್ ಯಾವುದು ಎಂಬುದಲ್ಲ, ಒಳಗೆ ದಿಮ್ಮಿ ಇದೆಯೇ ಎಂಬುದು. ಹೊರನೋಟ ಇಲ್ಲಿ ಮೋಸ ಮಾಡುತ್ತದೆ. ಎಪಿಫೋನ್ ಕ್ಯಾಸಿನೊ 335ರ ತಮ್ಮನಂತೆಯೇ ಕಾಣುತ್ತದೆ, ಆದರೆ ಒಳಗೆ ದಿಮ್ಮಿಯಿಲ್ಲ, ಪೂರ್ತಿ ಟೊಳ್ಳು. ಬೀಟಲ್ಸ್ ತಂಡದ ಮೂವರು ಗಿಟಾರಿಗರೂ ನುಡಿಸಿದ ವಾದ್ಯವಾದ್ದರಿಂದ ಅದರ ಮೋಹ ದೊಡ್ಡದು. ಆದರೆ ಡ್ರಮ್ಸ್ ಜೊತೆ ಜೋರಾಗಿ ನುಡಿಸಬೇಕಾದವರು ಅದನ್ನು ಅರೆಟೊಳ್ಳು ಎಂದುಕೊಂಡು ಕೊಂಡರೆ ಊಳಿನೊಂದಿಗೆ ಗುದ್ದಾಡಬೇಕಾಗುತ್ತದೆ. ಅಂಗಡಿಯಲ್ಲೇ ಪರೀಕ್ಷಿಸುವುದು ಸುಲಭ. ಫೋನಿನ ಟಾರ್ಚನ್ನು ಎಫ್ ಸೀಳಿಗೆ ಹಿಡಿದು ಗಿಟಾರಿನ ನಡುವಿನ ಕಡೆಗೆ ನೋಡಿ. ಮರದ ಗೋಡೆ ಕಂಡರೆ ದಿಮ್ಮಿ ಇದೆ. ಆಚೆ ಬದಿಯ ಸೀಳಿನ ಬೆಳಕು ಕಂಡರೆ ಒಳಗೆ ಬರೀ ಗಾಳಿ. ಅಂಟು ಅಡ್ಡಾದಿಡ್ಡಿ ಸೋರಿದೆಯೇ, ವೈರು ಜೋತಾಡುತ್ತಿದೆಯೇ ಎಂಬುದೂ ಆಗಲೇ ತಿಳಿಯುತ್ತದೆ.

ಪ್ಲೈವುಡ್ ಎಂದು ಮೂಗು ಮುರಿಯಬೇಡಿ

ಅಕೂಸ್ಟಿಕ್ ಗಿಟಾರ್ ಕೊಳ್ಳುವಾಗ ಮೇಲ್ಪದರ ಇಡೀ ಹಲಗೆಯದಾಗಿರಲಿ, ಪ್ಲೈವುಡ್ ಬೇಡ ಎನ್ನುವುದು ಒಳ್ಳೆಯ ಸಲಹೆ. ಅದೇ ಸಲಹೆಯನ್ನು ಇಲ್ಲಿಗೆ ತಂದರೆ ತಪ್ಪಾಗುತ್ತದೆ. 1958ರ ಮೂಲ ಇಎಸ್-335ರ ಒಡಲೇ ಮೇಪಲ್, ಪಾಪ್ಲರ್ ಪದರಗಳನ್ನು ಅಂಟಿಸಿ ಅಚ್ಚಿನಲ್ಲಿ ಒತ್ತಿ ಮಾಡಿದ್ದು. ಪದರದ ಮರ ಬಿಗಿಯಾಗಿರುತ್ತದೆ, ಕಡಿಮೆ ನಡುಗುತ್ತದೆ, ಹವೆ ಬದಲಾದರೂ ಸುಲಭವಾಗಿ ಸೀಳುವುದಿಲ್ಲ. ಇಲ್ಲಿ ಬೇಕಾದದ್ದೂ ಅದೇ.

ಕಡಿಮೆ ಬೆಲೆಯ ಗಿಟಾರ್ ಕೊಳ್ಳುವವರಿಗೆ ಇದು ಶುಭಸುದ್ದಿ. ಅಚ್ಚಿನಲ್ಲಿ ಪದರ ಒತ್ತುವ ಕೆಲಸವನ್ನು ಚೀನಾ, ಇಂಡೋನೇಷ್ಯಾಗಳ ಕಾರ್ಖಾನೆಗಳೂ ಚೆನ್ನಾಗಿಯೇ ಮಾಡುತ್ತವೆ. ಬೆಲೆ ಇಳಿಯುವುದು ಬೇರೆ ಕಡೆ: ಪಿಕಪ್, ಸ್ವಿಚ್ಚು, ಗುಂಡಿಗಳ ಅಡಿಯ ಪೊಟೆನ್ಷಿಯೋಮೀಟರ್, ಬಿರಡೆಗಳ ಗುಣಮಟ್ಟದಲ್ಲಿ, ದಪ್ಪನೆಯ ಪಾಲಿಯೂರಿಥೇನ್ ಲೇಪದಲ್ಲಿ, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಫ್ರೆಟ್‌ಗಳಿಗೆ ಕೊನೆಯಲ್ಲಿ ಕೊಡಬೇಕಾದ ಕೈಗೆಲಸದಲ್ಲಿ. ಹುಲಿಪಟ್ಟೆಯಂತೆ ಮಿನುಗುವ ಮೇಪಲ್ ಮೈ ನೋಡಿ ಹೆಚ್ಚು ದುಡ್ಡು ಕೊಡುವ ಮುನ್ನ ನೆನಪಿಡಿ: ಈ ಬೆಲೆಯಲ್ಲಿ ಆ ಮಿನುಗು ಕಾಗದದಷ್ಟು ತೆಳುವಾದ ಮೇಲ್ಹೊದಿಕೆ, ಅದಕ್ಕೂ ನಾದಕ್ಕೂ ನಂಟಿಲ್ಲ.

ಕಣ್ಣಿಗೆ ಬೀಳುವ ಮಾದರಿಗಳು

ಎಪಿಫೋನ್ 1957ರಿಂದ ಗಿಬ್ಸನ್ ಬಳಗದ್ದೇ. ಹಾಗಾಗಿ 335ರ ಆಕಾರವನ್ನು ಅಧಿಕೃತವಾಗಿಯೇ ಬಳಸುತ್ತದೆ. ಬಹುಕಾಲ ಎಪಿಫೋನ್ ಡಾಟ್ ಈ ದರ್ಜೆಯ ಮೊದಲ ಹೆಸರಾಗಿತ್ತು. 2020ರಲ್ಲಿ ಅದರ ಜಾಗಕ್ಕೆ ಎಪಿಫೋನ್ ಇಎಸ್-335 ಬಂತು. ಡಾಟ್ ಈಗ ಸೆಕೆಂಡ್‌ಹ್ಯಾಂಡ್‌ನಲ್ಲಿ ಹುಡುಕಬೇಕಾದ ಗಿಟಾರ್.

ಇಬಾನೆಜ್ ಕಂಪನಿಯ ಆರ್ಟ್‌ಕೋರ್ ಸಾಲಿನಲ್ಲಿ ಎಎಸ್73 ಹೆಚ್ಚು ಬಳಕೆಯದು. ಆ ಸಾಲಿನಲ್ಲಿ ‘ಎಎಸ್’ ಅಕ್ಷರಗಳಿದ್ದರೆ ಅರೆಟೊಳ್ಳು, ‘ಎಎಫ್’ ಇದ್ದರೆ ಪೂರ್ತಿ ಟೊಳ್ಳು. ಆರ್ಡರ್ ಕೊಡುವಾಗ ಒಂದಕ್ಷರ ತಪ್ಪಿದರೂ ಬೇರೆಯೇ ವಾದ್ಯ ಮನೆಗೆ ಬರುತ್ತದೆ. ಗ್ರೆಚ್ ಸ್ಟ್ರೀಮ್‌ಲೈನರ್ ಸಾಲಿನಲ್ಲೂ ಇದೇ ಎಚ್ಚರ ಬೇಕು: ಜಿ2622 ದಿಮ್ಮಿಯಿರುವುದು, ಜಿ2420 ಟೊಳ್ಳು.

ಫೆಂಡರ್ ಬಳಗದ ಸ್ಕ್ವಯರ್ ಸ್ಟಾರ್‌ಕ್ಯಾಸ್ಟರ್‌ನಲ್ಲಿ ನೆಕ್ಕನ್ನು ಅಂಟಿಸಿಲ್ಲ, ಬೋಲ್ಟ್ ಹಾಕಿ ಬಿಗಿದಿದ್ದಾರೆ. ನೆಕ್ಕಿನ ಕೋನ ಕೊಂಚ ತಪ್ಪಿದ್ದರೆ ಬಿಚ್ಚಿ, ಅಡಿಗೆ ತೆಳುಪಟ್ಟಿ ಕೊಟ್ಟು ಸರಿಮಾಡಬಹುದು. ಅಂಟಿಸಿದ ನೆಕ್ಕಿನಲ್ಲಿ ಆ ಅವಕಾಶವಿಲ್ಲ. ಥಿನ್‌ಲೈನ್ ಟೆಲಿಕ್ಯಾಸ್ಟರ್ ಇನ್ನೊಂದು ಬಗೆ. ರೋಜರ್ ರಾಸ್‌ಮೈಸಲ್ 1960ರ ದಶಕದ ಕೊನೆಗೆ ಫೆಂಡರ್‌ಗೆ ರೂಪಿಸಿದ ಇದರಲ್ಲಿ ಇಡೀ ಮರವನ್ನೇ ಒಳಗೆ ಕೊರೆದು ಟೊಳ್ಳು ಮಾಡಿದ್ದಾರೆ. ನಾದ ಟೆಲಿಕ್ಯಾಸ್ಟರ್‌ನದೇ, ತೂಕ ಮಾತ್ರ ಕಡಿಮೆ.

ಕೈಗೆತ್ತಿಕೊಂಡ ಮೇಲೆ

ಮಾದರಿ ಯಾವುದೇ ಇರಲಿ, ಒಂದೇ ಪೆಟ್ಟಿಗೆಯಿಂದ ಬಂದ ಎರಡು ಗಿಟಾರ್‌ಗಳ ನಡುವೆಯೂ ವ್ಯತ್ಯಾಸ ಇರುತ್ತದೆ. ಆದ್ದರಿಂದ ಕೈಯಲ್ಲಿರುವ ಗಿಟಾರನ್ನೇ ನೋಡಬೇಕು.

ಮೊದಲು ಬ್ರಿಡ್ಜ್. ತಂತಿಗಳ ಎತ್ತರ ನುಡಿಸಲು ಹಿತವಾಗಿರುವಾಗ ಬ್ರಿಡ್ಜು ಮೇಲೂ ಕೆಳಗೂ ಸರಿಯಲು ಸ್ವಲ್ಪ ಜಾಗ ಉಳಿದಿರಬೇಕು. ಅದು ಒಡಲಿಗೆ ಪೂರ್ತಿ ತಾಗಿ ಕೂತಿದ್ದು, ತಂತಿ ಇನ್ನೂ ಎತ್ತರದಲ್ಲೇ ಇದ್ದರೆ ನೆಕ್ಕಿನ ಕೋನ ತಪ್ಪಿದೆ ಎಂದರ್ಥ. ಅಂಟಿಸಿದ ನೆಕ್ಕಿನಲ್ಲಿ ಈ ದೋಷ ಕಂಡರೆ, ಎಷ್ಟೇ ರಿಯಾಯಿತಿ ಕೊಟ್ಟರೂ ಬಿಟ್ಟುಬಿಡಿ. ರಿಪೇರಿಯ ಖರ್ಚು ಗಿಟಾರಿನ ಬೆಲೆಯನ್ನೇ ಮುಟ್ಟೀತು.

ಆಮೇಲೆ ನೆಕ್. ಆರನೇ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ನೆಕ್ಕು ಒಡಲಿಗೆ ಸೇರುವಲ್ಲೂ ಒಟ್ಟಿಗೆ ಒತ್ತಿ ಹಿಡಿದು, ಏಳನೇ ಫ್ರೆಟ್ ಬಳಿ ಸಂದು ನೋಡಿ. ಕಾಲು ಮಿಲಿಮೀಟರ್ ಆಸುಪಾಸಿನ ಸಂದಿದ್ದರೆ ಸರಿ. ಕಡಿಮೆ, ಹೆಚ್ಚು ಇದ್ದರೆ ನೆಕ್ಕಿನೊಳಗಿನ ಟ್ರಸ್ ರಾಡ್ ತಿರುಗಿಸಿ ಹದಕ್ಕೆ ತರಬಹುದು. ಅದು ದೋಷವಲ್ಲ, ಸೆಟಪ್ಪಿನ, ಅಂದರೆ ಹೊಂದಿಸಿಕೊಳ್ಳುವ, ಮಾತು. ಅಂಗಡಿಯವರಿಂದಲೇ ತಿರುಗಿಸಿ ತೋರಿಸಿಕೊಳ್ಳಿ, ರಾಡ್ ಕೆಲಸ ಮಾಡುತ್ತದೆ ಎಂಬುದೂ ಖಾತ್ರಿಯಾಗುತ್ತದೆ. ಹನ್ನೆರಡನೇ ಫ್ರೆಟ್ ಮೇಲೆ ದಪ್ಪ ತಂತಿ ಸುಮಾರು 2 ಮಿಲಿಮೀಟರ್, ತೆಳು ತಂತಿ ಒಂದೂವರೆ ಮಿಲಿಮೀಟರ್ ಎತ್ತರದಲ್ಲಿದ್ದರೆ ಹೆಚ್ಚಿನವರ ಬೆರಳಿಗೆ ಹಿತ.

ಮೂರನೆಯದು ಫ್ರೆಟ್. ಪ್ರತಿ ತಂತಿಯ ಪ್ರತಿ ಸ್ವರವನ್ನೂ ನಿಧಾನವಾಗಿ ನುಡಿಸಿ. ಎಲ್ಲೋ ಒಂದು ಕಡೆ ಮಾತ್ರ ತಂತಿ ಜುಂಯ್‌ಗುಟ್ಟಿದರೆ ಅಲ್ಲಿ ಫ್ರೆಟ್ ಎದ್ದಿದೆ. ಮೇಲಿನ ಫ್ರೆಟ್‌ಗಳಲ್ಲಿ ತಂತಿ ಎಳೆದಾಗ ಸ್ವರ ಉಸಿರುಗಟ್ಟಿ ಸಾಯಬಾರದು. ಇಎಸ್-335ರ ನೆಕ್ಕು ಹತ್ತೊಂಬತ್ತನೇ ಫ್ರೆಟ್ ಬಳಿ ಒಡಲಿಗೆ ಸೇರುತ್ತದೆ, ಕ್ಯಾಸಿನೊದ್ದು ಹದಿನಾರರ ಬಳಿ. ಮೇಲಿನ ಸ್ವರಗಳಲ್ಲಿ ಹೆಚ್ಚು ಓಡಾಡುವವರಿಗೆ ಈ ಮೂರು ಫ್ರೆಟ್‌ಗಳ ಅಂತರ ದೊಡ್ಡದು. ಶ್ರುತಿ ಮಾಡುವಾಗ ನಟ್ (ನೆಕ್ಕಿನ ತಲೆಭಾಗದಲ್ಲಿ ತಂತಿ ಕೂರುವ ಪಟ್ಟಿ) ಬಳಿ ‘ಟಿಂಗ್’ ಎಂದು ಸದ್ದಾದರೆ ತಂತಿ ಅಲ್ಲಿ ಸಿಕ್ಕಿಕೊಳ್ಳುತ್ತಿದೆ. ಶ್ರುತಿ ನಿಲ್ಲದ್ದಕ್ಕೆ ಅನೇಕ ಸಲ ಬಿರಡೆಗಿಂತ ಇದೇ ಕಾರಣ. ಪರಿಣತರು ಕೆಲವೇ ನಿಮಿಷಗಳಲ್ಲಿ ಅರದಿಂದ ಉಜ್ಜಿ ಸರಿಮಾಡುತ್ತಾರೆ.

ಕೊನೆಗೆ ಆಂಪ್ಲಿಫೈಯರ್‌ಗೆ ಜೋಡಿಸಿ, ನೀವು ನಿಜವಾಗಿ ನುಡಿಸುವಷ್ಟು ಸದ್ದಿಗೆ ಏರಿಸಿ, ಅದಕ್ಕೆ ಎದುರಾಗಿ ನಿಲ್ಲಿ. ತಗ್ಗು ದನಿಯ ಊಳು ಎದ್ದರೆ ಅದು ಒಡಲಿನದು. ದೂರ ಸರಿದರೆ, ಬೇಸ್ ಕಡಿಮೆ ಮಾಡಿದರೆ ಇಳಿಯುತ್ತದೆ. ಕಿವಿಗೆ ಚುಚ್ಚುವ ಕೀಚಲು ಎದ್ದರೆ ಅದು ಪಿಕಪ್ಪಿನ ಸುರುಳಿಗೆ ಮೇಣ ಸರಿಯಾಗಿ ತುಂಬದಿರುವ ಗುರುತು. ಬ್ಲೂಸ್ ದೊರೆ ಬಿ.ಬಿ. ಕಿಂಗ್ ಊಳಿನ ಕಾಟಕ್ಕೆ ಎಫ್ ಸೀಳಿನೊಳಗೆ ಬಟ್ಟೆ ತುರುಕುತ್ತಿದ್ದರು. 1980ರಲ್ಲಿ ಗಿಬ್ಸನ್ ಅವರ ಹೆಸರಿನ ಗಿಟಾರನ್ನು ಸೀಳುಗಳೇ ಇಲ್ಲದಂತೆ ತಯಾರಿಸಿತು. ಬಟ್ಟೆಯ ಉಪಾಯ ಈಗಲೂ ನಡೆಯುತ್ತದೆ, ಖರ್ಚೂ ಇಲ್ಲ.

‘ಆಮೇಲೆ ಬದಲಿಸೋಣ’ ಎನ್ನುವ ಮುನ್ನ

ಅಗ್ಗದ ಗಿಟಾರ್ ಕೊಂಡು ಆಮೇಲೆ ಪಿಕಪ್ ಬದಲಿಸುವ ಯೋಚನೆ ಹಲವರದು. ಇಡೀ ಮರದ ಗಿಟಾರಿನಲ್ಲಿ ಹಿಂಬದಿಯ ಅಥವಾ ಮುಂಬದಿಯ ಮುಚ್ಚಳ ತೆಗೆದರೆ ವೈರಿಂಗ್ ಕೈಗೆ ಸಿಗುತ್ತದೆ. 335 ಬಗೆಯ ಹೆಚ್ಚಿನ ಅರೆಟೊಳ್ಳು ಗಿಟಾರ್‌ಗಳಿಗೆ ಅಂಥ ಮುಚ್ಚಳವೇ ಇಲ್ಲ. ನಾಲ್ಕು ಪೊಟೆನ್ಷಿಯೋಮೀಟರ್, ಸ್ವಿಚ್ಚು, ಜ್ಯಾಕು ಎಲ್ಲವನ್ನೂ ದಾರ ಕಟ್ಟಿ ಎಫ್ ಸೀಳಿನ ಮೂಲಕ ಹೊರಗೆಳೆದು, ಬೆಸುಗೆ ಹಾಕಿ, ಮತ್ತೆ ದಾರದಿಂದಲೇ ಒಂದೊಂದನ್ನೂ ಅದರದರ ತೂತಿಗೆ ಎಳೆದು ಕೂರಿಸಬೇಕು. ಸೀಸೆಯೊಳಗೆ ಹಡಗು ಕಟ್ಟಿದಂಥ ಕೆಲಸ. ಕೂಲಿಯೂ ಅದಕ್ಕೆ ತಕ್ಕಂತೆ. ಆದ್ದರಿಂದ ಪಿಕಪ್ಪಿನ ದನಿ ಈಗಲೇ ಹಿಡಿಸುವಂಥದ್ದನ್ನು ಕೊಳ್ಳುವುದು ಲಾಭ. ಪ್ರತಿ ಗುಂಡಿಯನ್ನೂ ತಿರುಗಿಸಿ ಗೊರಗೊರ ಸದ್ದಿಗೆ ಕಿವಿಗೊಡಿ, ಸ್ವಿಚ್ಚಿನ ಮೂರು ನೆಲೆಗಳನ್ನೂ ನೋಡಿ, ಜ್ಯಾಕಿನ ನಟ್ಟು ಬಿಗಿಯಾಗಿದೆಯೇ ಮುಟ್ಟಿ ನೋಡಿ. ಅದು ಸಡಿಲವಾಗಿ ಜ್ಯಾಕು ಒಳಗೆ ಬಿದ್ದರೂ ಇದೇ ಪಾಡು.

ಪಿಕಪ್ಪಿನಲ್ಲಿ ಎರಡು ಮುಖ್ಯ ಬಗೆ. ಒಂದೇ ಸುರುಳಿಯ ಪಿಕಪ್, ಉದಾಹರಣೆಗೆ ಪಿ-90, ದನಿಯಲ್ಲಿ ಚುರುಕು. ಆದರೆ ಮನೆಯ ವಿದ್ಯುತ್ ತಂತಿಗಳಿಂದ, ಟ್ಯೂಬ್‌ಲೈಟಿನಿಂದ ಗುಂಯ್‌ಗಾನವನ್ನೂ ಹಿಡಿದು ತರುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು. ಆ ಗುಂಯ್‌ಗಾನ ಅದರ ಮತ್ತು ಅದರ ಅಪವರ್ತ್ಯಗಳ ಸದ್ದು. ಗಿಬ್ಸನ್‌ನಲ್ಲಿದ್ದ ಸೆತ್ ಲವರ್ 1955ರ ಸುಮಾರಿಗೆ ರೂಪಿಸಿದ ಹಂಬಕರ್‌ನಲ್ಲಿ ಎರಡು ಸುರುಳಿಗಳಿವೆ. ಎರಡರ ಸುತ್ತೂ, ಅಯಸ್ಕಾಂತದ ದಿಕ್ಕೂ ಒಂದಕ್ಕೊಂದು ವಿರುದ್ಧ. ಹೊರಗಿನಿಂದ ಬಂದ ಗುಂಯ್‌ಗಾನ ಪರಸ್ಪರ ಕಳೆದುಹೋಗುತ್ತದೆ, ತಂತಿಯ ಸಂಕೇತ ಕೂಡಿಕೊಳ್ಳುತ್ತದೆ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಅಭ್ಯಾಸ ಮಾಡುವವರಿಗೆ ಹಂಬಕರ್ ವಾಸಿ. ಅರ್ಥಿಂಗ್ ಸರಿಮಾಡಿಸುವುದು ಇನ್ನೂ ವಾಸಿ, ಅದು ಜೀವದ ಪ್ರಶ್ನೆಯೂ ಹೌದು.

ಹವೆ, ಮರ, ತಂತಿ

ಗಿಟಾರ್‌ಗೆ ಹಿತವಾದ ತೇವಾಂಶ ಶೇ. 45ರಿಂದ 55. ಮಳೆಗಾಲದ ಕರಾವಳಿಯಲ್ಲಿ ಅದು ಬಹಳ ಮೇಲಿರುತ್ತದೆ, ಬೇಸಿಗೆಯ ಕಲಬುರಗಿ, ರಾಯಚೂರುಗಳಲ್ಲಿ ಬಹಳ ಕೆಳಗೆ. ಪದರದ ಒಡಲು ಇದನ್ನು ತಾಳಿಕೊಳ್ಳುತ್ತದೆ, ಆದರೆ ನೆಕ್ಕು, ಫ್ರೆಟ್‌ಬೋರ್ಡು ಇಡೀ ಮರದವು. ಒಣಹವೆಗೆ ಫ್ರೆಟ್‌ಬೋರ್ಡ್ ಕುಗ್ಗಿದಾಗ ಫ್ರೆಟ್‌ಗಳ ತುದಿ ಹೊರಚಾಚಿ ಅಂಗೈಗೆ ಗೀರುತ್ತದೆ. ಕೊಳ್ಳುವಾಗ ನೆಕ್ಕಿನ ಎರಡೂ ಅಂಚಿಗೆ ಬೆರಳಾಡಿಸಿ ನೋಡುವುದು ಇದಕ್ಕೇ. ಕರಾವಳಿಯವರು ಗಿಟಾರನ್ನು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಕೇಸಿನಲ್ಲಿಡಲಿ, ನುಡಿಸಿದ ಮೇಲೆ ತಂತಿ ಒರೆಸಲಿ.

ಫ್ರೆಟ್‌ಬೋರ್ಡಿನ ಮರದ ಬಗ್ಗೆ ಒಂದು ಮಾತು. ಬೀಟೆ, ಅಂದರೆ ರೋಸ್‌ವುಡ್, ಗಿಟಾರ್ ಉದ್ಯಮಕ್ಕೆ ಬಹುಕಾಲ ಅಚ್ಚುಮೆಚ್ಚು. 2017ರಲ್ಲಿ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರದ ಸೈಟಿಸ್ ಒಪ್ಪಂದದಡಿ ಆ ಕುಲದ ಮರಗಳ ವ್ಯಾಪಾರಕ್ಕೆ ಬಿಗಿ ನಿಯಮ ಬಂದಾಗ ಹಲವು ತಯಾರಕರು ಬೇರೆ ಮರಗಳತ್ತ ಹೊರಳಿದರು. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತಾದರೂ ಬದಲಿ ಮರಗಳು ಉಳಿದುಕೊಂಡವು. ಕಡಿಮೆ ಬೆಲೆಯ ಗಿಟಾರ್‌ಗಳ ವಿವರಪಟ್ಟಿಯಲ್ಲಿ ಕಾಣುವ ‘ಇಂಡಿಯನ್ ಲಾರೆಲ್’ ನಮ್ಮ ಕಾಡುಗಳಲ್ಲಿ ಬೆಳೆಯುವ ಮತ್ತಿ. ಗಟ್ಟಿ ಮರ; ಹಿಂಜರಿಯಲು ಕಾರಣವಿಲ್ಲ.

ದುಡ್ಡನ್ನು ಹಂಚುವ ಬಗೆ

ಕೈಯಲ್ಲಿರುವ ದುಡ್ಡನ್ನೆಲ್ಲ ಗಿಟಾರ್‌ಗೇ ಸುರಿಯಬೇಡಿ. ಹೊಸ ತಂತಿ, ಒಳ್ಳೆಯ ಸೆಟಪ್ಪು, ಕೇಸು ಇವುಗಳಿಗೆ ಒಂದು ಪಾಲು ತೆಗೆದಿಡಿ. 10ರಿಂದ 46 ಅಳತೆಯ ತಂತಿ ಶುರುವಿಗೆ ಸರಿ. ಸೆಟಪ್ಪಾದ ಸಾಧಾರಣ ಗಿಟಾರ್, ಸೆಟಪ್ಪಾಗದ ದುಬಾರಿ ಗಿಟಾರಿಗಿಂತ ಚೆನ್ನಾಗಿ ನುಡಿಯುತ್ತದೆ. ಸೆಕೆಂಡ್‌ಹ್ಯಾಂಡ್ ಆದರೆ ನಟ್ಟಿನ ಹಿಂದೆ, ತಲೆಭಾಗ ಬಾಗುವಲ್ಲಿ, ಬೆಳಕು ಹಿಡಿದು ಕೂದಲೆಳೆಯ ಬಿರುಕಿದೆಯೇ ನೋಡಿ. ಗಿಬ್ಸನ್ ನಕ್ಷೆಯ ಗಿಟಾರ್‌ಗಳು ಬಿದ್ದಾಗ ಮೊದಲು ಮುರಿಯುವ ಜಾಗ ಅದು.

ಯಾರಿಗೆ ಇದು ಬೇಡ? ಮೆಟಲ್ ಸಂಗೀತದಂತೆ ದನಿಯನ್ನು ವಿಪರೀತ ಒಡೆದು ಜೋರಾಗಿ ನುಡಿಸುವವರಿಗೆ ಇಡೀ ಮರದ ಗಿಟಾರೇ ಸರಿ. ಅಕೂಸ್ಟಿಕ್ಕೂ ಎಲೆಕ್ಟ್ರಿಕ್ಕೂ ಒಂದರಲ್ಲೇ ಸಿಗುತ್ತದೆ ಎಂದುಕೊಂಡವರಿಗೂ ನಿರಾಸೆ ಕಾದಿದೆ: ಪ್ಲಗ್ ಇಲ್ಲದೆ ನುಡಿಸಿದರೆ ಸದ್ದು ಒಬ್ಬರ ಅಭ್ಯಾಸಕ್ಕೆ ಸಾಕು, ಕೋಣೆಗೆ ಸಾಲದು. ಮಿಕ್ಕವರ ಮುಂದೆ ಒಂದೇ ಬೆಲೆಯ ಎರಡು ಗಿಟಾರ್ ಇದ್ದು, ಒಂದರ ಮೈ ಮಿನುಗುತ್ತಿದ್ದರೆ, ಇನ್ನೊಂದರ ಬಣ್ಣ ಸಪ್ಪೆಯಿದ್ದರೂ ನೆಕ್ಕು ನೇರವಾಗಿ, ಫ್ರೆಟ್ಟು ಸಮವಾಗಿ, ಬ್ರಿಡ್ಜು ಸರಿಯಾದ ಎತ್ತರದಲ್ಲಿ ಇದ್ದರೆ, ಎರಡನೆಯದಕ್ಕೇ ಬಿಲ್ ಮಾಡಿಸಿ.