ಹೊಗೆಯೂ ಮಂಜೂ: ಲಂಡನ್ ನಗರದ ಧೂಮನಿವಾರಣದ ವೃತ್ತಾಂತ

ಹೊಗೆ ಕಂಡೆಡೆಯಲ್ಲಿ ಬೆಂಕಿಯುಂಟೆಂದು ಊಹಿಸುವುದು ಸರಿ. ಬೆಂಕಿಯಿದ್ದೆಡೆಯಲ್ಲೆಲ್ಲ ಹೊಗೆಯುಂಟೆಂದು ಊಹಿಸುವುದು ತಪ್ಪು. ತರ್ಕಶಾಸ್ತ್ರಕ್ಕೆ ಹೊಸದಾಗಿ ಕಾಲಿಡುವ ವಿದ್ಯಾರ್ಥಿಗೂ ಪರಿಚಿತವಾದ ಈ ಭೇದವನ್ನು ಅನ್ನಂಭಟ್ಟನು ತನ್ನ ತರ್ಕಸಂಗ್ರಹದ ಹೇತ್ವಾಭಾಸಪ್ರಕರಣದಲ್ಲಿ ನಿರೂಪಿಸಿರುವನು. ಚೆನ್ನಾಗಿ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಆದುದರಿಂದ ಹೊಗೆ ಹುಟ್ಟುವುದಕ್ಕೆ ಬೆಂಕಿಯೊಂದೇ ಸಾಲದು, ಹಸಿಯ ಸೌದೆಯ ಸಂಬಂಧವೂ ಬೇಕು. ಆರ್ದ್ರೇಂಧನಸಂಯೋಗವೆಂಬ ಉಪಾಧಿಯು ಇದೇ.

ಇಂಗ್ಲೆಂಡಿನ ರಾಜಧಾನಿಯಲ್ಲಿ ಸುಮಾರು ಮುನ್ನೂರು ವರ್ಷಗಳ ಕಾಲ ನಡೆದ ಒಂದು ದೊಡ್ಡ ವಾದವು, ತರ್ಕಸಂಗ್ರಹದ ಹೆಸರನ್ನೇ ಕೇಳದೆ, ಇದೇ ಉಪಾಧಿಯ ಸುತ್ತ ತಿರುಗಿತು. ಹೊಗೆಯು ಬೆಂಕಿಯ ಸಹಜಧರ್ಮವೆಂದು ನಂಬಿದವರು ಅದನ್ನು ಸಹಿಸಿಕೊಂಡಿರಬೇಕೆಂದರು. ಹೊಗೆಯೆಂಬುದು ಅರೆಬರೆಯಾಗಿ ಉರಿದ ಇಂಧನ, ಎಂದರೆ ಕಣ್ಣೆದುರಿಗೇ ಹಾಳಾಗಿ ಹೋಗುತ್ತಿರುವ ಸ್ವತ್ತು, ಎಂದು ಕಂಡುಕೊಂಡವರು ಅದನ್ನು ನಿವಾರಿಸಬಹುದೆಂದರು. ಎರಡನೆಯ ಪಕ್ಷವೇ ನಿಜವಾದುದು. ಹಾಗಿದ್ದರೂ ಅದು ಗೆಲ್ಲಬೇಕಾದರೆ ಒಂದು ಘೋರವಾದ ಚಳಿಗಾಲದ ವಾರವೂ ಸಾವಿರಾರು ಜನರ ಮರಣವೂ ಬೇಕಾದುವು.

ವಾದದ ಮೊದಲ ಮುಖ್ಯ ಗ್ರಂಥವು 1661ರಲ್ಲಿ ಹೊರಬಂದಿತು. ದಿನಚರಿಕಾರನೆಂದು ಪ್ರಸಿದ್ಧನಾದ ಜಾನ್ ಎವೆಲಿನ್ನನು ‘ಫ್ಯೂಮಿಫ್ಯುಜಿಯಂ’ ಎಂಬ ಪುಸ್ತಿಕೆಯನ್ನು ಬರೆದು ಎರಡನೆಯ ಚಾರಲ್ಸ್ ದೊರೆಗೆ ಅರ್ಪಿಸಿದನು. ಸುಣ್ಣ ಸುಡುವವರು, ಸಾಬೂನು ಕಾಯಿಸುವವರು, ಬಣ್ಣ ಹಾಕುವವರು ಮೊದಲಾದವರ ಒಲೆಗಳನ್ನು ಊರಿನಾಚೆಗೆ ಸಾಗಿಸಬೇಕೆಂದೂ ಊರ ಸುತ್ತ ಪರಿಮಳದ ಗಿಡಬಳ್ಳಿಗಳನ್ನು ಬೆಳೆಸಬೇಕೆಂದೂ ಅವನ ಸಲಹೆ. ಗ್ರಂಥವು ಸೊಗಸಾಗಿದೆ, ಆದರೆ ತಪ್ಪೆಲ್ಲ ಕಸಬುದಾರರದೆಂದೂ ಮನೆಯ ಒಲೆಯದು ಅಲ್ಪವೆಂದೂ ಅವನು ತೀರ್ಮಾನಿಸಿದುದು ಮುಂದಿನ ಕಾಲಕ್ಕೆ ಕೇಡನ್ನೇ ಮಾಡಿತು. ಅವನು ತೋರಿಸಿದ ಬೆರಳಿನ ದಿಕ್ಕಿನಲ್ಲಿಯೇ ಕಾನೂನುಗಳು ಬಹುಕಾಲ ನೋಡುತ್ತಿದ್ದುವು.

ಹೊಗೆಯನ್ನು ನಷ್ಟವೆಂದು ಲೆಕ್ಕಹಾಕಿದವನು ರಮ್‌ಫರ್ಡ್ ಪ್ರಭು. ಅಮೆರಿಕೆಯಲ್ಲಿ ಹುಟ್ಟಿ, ಬವೇರಿಯದಲ್ಲಿ ಪದವಿ ಪಡೆದು, ಲಂಡನ್ನಿನಲ್ಲಿ ಅಗ್ಗಿಷ್ಟಿಕೆಗಳನ್ನು ತಿದ್ದಿದ ಈ ವಿಜ್ಞಾನಿಯು 1796ರ ಒಂದು ಪ್ರಬಂಧದಲ್ಲಿ ನಗರದ ಮೇಲೆ ಕವಿದಿರುವ ಕಪ್ಪು ಮೋಡವು ಬಹುಮಟ್ಟಿಗೆ ಉರಿಯದೆ ಉಳಿದ ಕಲ್ಲಿದ್ದಲೇ ಎಂದು ಹೇಳಿದನು. ಜನರು ಹಣ ಕೊಟ್ಟು ಕೊಂಡ ಇದ್ದಲು ಹೊಗೆಗೂಡಿನ ದಾರಿಯಿಂದ ಆಕಾಶಕ್ಕೆ ಹಾರಿ ಮತ್ತೆ ಅವರ ಬಟ್ಟೆಯ ಮೇಲೆ ಮಸಿಯಾಗಿ ಬೀಳುತ್ತಿತ್ತು.

ಇದರ ಬಗೆಯನ್ನು ಸ್ವಲ್ಪ ವಿವರಿಸುವುದು ಅವಶ್ಯಕ. ಕಲ್ಲಿದ್ದಲು ಒಣಗಿದ ವಸ್ತುವಾಗಿರುವಾಗ ಅದಕ್ಕೆ ಆರ್ದ್ರತೆಯೆಲ್ಲಿಯದು ಎಂಬ ಆಕ್ಷೇಪವು ಬರಬಹುದು. ಲಂಡನ್ನಿನ ಮನೆಗಳಲ್ಲಿ ಉರಿಸುತ್ತಿದ್ದುದು ಡಾಂಬರಿನ ಅಂಶವುಳ್ಳ ಮೆದು ಕಲ್ಲಿದ್ದಲು. ಅದನ್ನು ಕಾಯಿಸಿದೊಡನೆ ಡಾಂಬರಿನ ಆವಿಯೂ ಅನಿಲಗಳೂ ಹೊರಡುತ್ತವೆ. ಇವು ತಕ್ಕಷ್ಟು ಶಾಖವನ್ನೂ ಗಾಳಿಯನ್ನೂ ಪಡೆದರೆ ಉರಿದುಹೋಗುತ್ತವೆ. ತೆರೆದ ಅಗ್ಗಿಷ್ಟಿಕೆಯಲ್ಲಿ ಹೊಸ ಇದ್ದಲನ್ನು ಕೆಂಡದ ಮೇಲೆ ಸುರಿದಾಗ ಮೇಲ್ಪದರವು ತಣ್ಣಗಿರುವುದರಿಂದ ಅವು ಉರಿಯದೆಯೇ ತಪ್ಪಿಸಿಕೊಂಡು, ಡಾಂಬರಿನ ಸೂಕ್ಷ್ಮ ಹನಿಗಳಾಗಿಯೂ ಇಲ್ಲಣವಾಗಿಯೂ ಮೇಲೇರುತ್ತವೆ. ಹಸಿಸೌದೆಯಲ್ಲಿ ನೀರು ಮಾಡುವ ಕೆಲಸವನ್ನು ಇಲ್ಲಿ ಡಾಂಬರು ಮಾಡುತ್ತದೆಯೆನ್ನಬಹುದು. ಅದೇ ಇದ್ದಲನ್ನು ಮುಚ್ಚಿದ ಪಾತ್ರೆಯಲ್ಲಿ ಕಾಯಿಸಿ ಆವಿಯನ್ನು ಹಿಡಿದಿಟ್ಟರೆ ದೀಪಕ್ಕೂ ಅಡಿಗೆಗೂ ಅನಿಲ ದೊರೆಯುತ್ತದೆ, ಗೊಬ್ಬರಕ್ಕಾಗುವ ಅಮೋನಿಯ ದೊರೆಯುತ್ತದೆ, ಡಾಂಬರಿನಿಂದ ಬಣ್ಣಗಳಾಗುತ್ತವೆ. 1856ರಲ್ಲಿ ಪರ್ಕಿನ್ ಎಂಬ ತರುಣನು ಕಂಡುಹಿಡಿದ ಊದಾಬಣ್ಣದ ಮೂಲವು ಇದೇ ಡಾಂಬರು. ಕೊನೆಗೆ ಉಳಿಯುವ ಕೋಕು ಹೊಗೆಯಿಲ್ಲದೆ ಉರಿಯುತ್ತದೆ. ಒಂದು ಕಡೆ ನಾಲ್ಕು ಬಗೆಯ ಪ್ರಯೋಜನವನ್ನು ಕೊಡುವ ವಸ್ತುವು ಇನ್ನೊಂದು ಕಡೆ ಕಸವಾಗಿ ಊರಿನ ಎದೆಯಲ್ಲಿ ಕೂರುತ್ತಿತ್ತೆಂಬುದು ಧೂಮನಿವಾರಕರ ವಾದದ ತಿರುಳು.

ಸಾಹಿತ್ಯಾಭ್ಯಾಸಿಗಳಿಗೆ ಈ ಹೊಗೆ ಹೊಸದಲ್ಲ. 1852ರ ಮಾರ್ಚಿಯಿಂದ ಬಿಡಿಸಂಚಿಕೆಗಳಲ್ಲಿ ಪ್ರಕಟವಾದ ಡಿಕೆನ್ಸನ ‘ಬ್ಲೀಕ್ ಹೌಸ್’ ಕಾದಂಬರಿಯು ನವೆಂಬರು ತಿಂಗಳ ಮಂಜಿನಿಂದಲೂ ಮಸಿಯಿಂದಲೂ ತೊಡಗುತ್ತದೆ. ಚಾನ್ಸರಿ ನ್ಯಾಯಸ್ಥಾನದ ಜಡತೆಗೆ ಅದು ಪ್ರತಿಮೆಯೆಂದು ಪಾಠ ಹೇಳುವ ವಾಡಿಕೆಯುಂಟು. ಅದು ಸರಿಯೇ, ಆದರೆ ಅಂದಿನ ಓದುಗನಿಗೆ ಅದು ಮೊದಲು ಕಿಟಕಿಯಾಚೆಯ ಸಂಗತಿ, ಆಮೇಲೆ ಪ್ರತಿಮೆ. ಇದಕ್ಕೆ ಒಂದೇ ಪದದ ಹೆಸರು ಬಂದುದು ತಡವಾಗಿ. 1905ರಲ್ಲಿ ಡಾಕ್ಟರ್ ಡೆವೂ ಎಂಬ ವೈದ್ಯನು ಲಂಡನ್ನಿನ ಸಾರ್ವಜನಿಕಾರೋಗ್ಯ ಸಮ್ಮೇಳನಕ್ಕಾಗಿ ಬರೆದ ಲೇಖನದಲ್ಲಿ ‘ಸ್ಮೋಕ್’, ‘ಫಾಗ್’ ಎಂಬೆರಡು ಶಬ್ದಗಳನ್ನು ಕತ್ತರಿಸಿ ಕೂಡಿಸಿ ‘ಸ್ಮಾಗ್’ ಎಂದು ಬಳಸಿದನು. ಕನ್ನಡದ ‘ಹೊಗೆಮಂಜು’ ಎಂಬ ಸಮಾಸದಲ್ಲಿ ಎರಡು ಪದಗಳೂ ಅಂಗಭಂಗವಿಲ್ಲದೆ ನಿಂತಿವೆ. ಇಂಗ್ಲಿಷಿನ ಪದದಲ್ಲಾದರೊ ಹೊಗೆ ಎಲ್ಲಿ ಮುಗಿದು ಮಂಜು ಎಲ್ಲಿ ತೊಡಗಿತೆಂದು ತಿಳಿಯದು. ವಸ್ತುಸ್ಥಿತಿಗೆ ಆ ಗೊಂದಲವೇ ಹೆಚ್ಚು ಹತ್ತಿರವೆಂದು ತೋರುತ್ತದೆ.

ಡೆವೂ ವೈದ್ಯನು ಏಕಾಕಿಯಾಗಿರಲಿಲ್ಲ. 1880ರ ಜನವರಿ ಕೊನೆಯಲ್ಲಿ ಕವಿದ ದೀರ್ಘವಾದ ಮಂಜಿನಲ್ಲಿ ಲಂಡನ್ನಿನ ಮರಣಸಂಖ್ಯೆಯು ಏರಿದುದನ್ನು ನೋಡಿ ರೋಲೊ ರಸೆಲ್ ಎಂಬಾತನು ಅದೇ ವರ್ಷ ‘ಲಂಡನ್ ಫಾಗ್ಸ್’ ಎಂಬ ಕಿರುಹೊತ್ತಗೆಯನ್ನು ಪ್ರಕಟಿಸಿದನು. ಕೇಡಿನ ಮೂಲವು ಕಾರ್ಖಾನೆಯಲ್ಲ, ಲಕ್ಷಾಂತರ ಮನೆಗಳ ಅಗ್ಗಿಷ್ಟಿಕೆಯೆಂದು ಅವನು ಬಿಚ್ಚಿ ಹೇಳಿದನು. 1881ರಲ್ಲಿ ಸೌತ್ ಕೆನ್ಸಿಂಗ್‌ಟನ್ನಿನಲ್ಲಿ ಹೊಗೆ ಕಡಮೆಮಾಡುವ ಒಲೆಗಳ ಪ್ರದರ್ಶನ ನಡೆಯಿತು. 1898ರಲ್ಲಿ, ಹಗಲು ಬೆಳಕು ಸಾಲದೆ ನೊಂದ ಚಿತ್ರಕಾರ ವಿಲಿಯಂ ಬ್ಲೇಕ್ ರಿಚ್‌ಮಂಡನ ಮುಂದಾಳುತನದಲ್ಲಿ ಕಲ್ಲಿದ್ದಲ ಧೂಮನಿವಾರಣ ಸಂಘವು ಹುಟ್ಟಿತು. 1909ರಲ್ಲಿ ಉತ್ತರದ ಕೈಗಾರಿಕಾ ಪಟ್ಟಣಗಳಲ್ಲಿ ತಲೆಯೆತ್ತಿದ ಇನ್ನೊಂದು ಸಂಘವು 1929ರಲ್ಲಿ ಇದರೊಡನೆ ಸೇರಿ ರಾಷ್ಟ್ರೀಯ ಸಂಘವಾಯಿತು. ಪುಸ್ತಿಕೆ, ಉಪನ್ಯಾಸ, ಪ್ರದರ್ಶನ, ಪತ್ರಿಕೆಗೆ ಕಾಗದ, ಪಾರ್ಲಿಮೆಂಟಿನ ಸದಸ್ಯರಿಗೆ ವಿಜ್ಞಾಪನೆ — ಈ ಸಾಧನಗಳಿಂದ ಅರ್ಧ ಶತಮಾನಕ್ಕೂ ಮೀರಿ ಅವರು ದುಡಿದರು.

ಫಲವೇನಾಯಿತು? 1853ರ ಕಾನೂನು ಕುಲುಮೆಗಳಿಗೆ ಮಾತ್ರ ಸಂಬಂಧಪಟ್ಟುದು. 1891ರ ಕಾನೂನು ಉಪದ್ರವಕರವಾದ ‘ಕಪ್ಪು ಹೊಗೆ’ಯನ್ನು ನಿಷೇಧಿಸಿ, ವಾಸದ ಮನೆಯ ಹೊಗೆಗೂಡನ್ನು ಸ್ಪಷ್ಟವಾಗಿ ಹೊರಗಿಟ್ಟಿತು. ಕಾರ್ಖಾನೆಯವರು ತಮ್ಮ ಹೊಗೆ ಕಪ್ಪಲ್ಲ, ಕಂದು ಎಂದು ವಾದಿಸಿ ಪಾರಾಗುವುದಕ್ಕೂ ಎಡೆಯಾಯಿತು. 1926ರಲ್ಲಿ ಈ ಬಣ್ಣದ ತೊಡಕು ನೀಗಿತಾದರೂ ಮನೆಯ ವಿನಾಯಿತಿ ಹಾಗೆಯೇ ನಿಂತಿತು.

ನಷ್ಟದ ವಾದವು ಇಷ್ಟು ಬಲವಾಗಿದ್ದರೂ ಸೋತುದೇಕೆ? ಒಂದು ಮನೆಯಲ್ಲಿ ದಿನಕ್ಕೆ ಹಾಳಾಗುವ ಇದ್ದಲು ಬೊಗಸೆಯಷ್ಟು. ಅದಕ್ಕಾಗಿ ಒಲೆಯನ್ನು ಕಿತ್ತು ಹೊಸದನ್ನು ಹೂಡುವ ಖರ್ಚು ಬಡವನ ಕೈಮೀರಿದುದು. ಅದಕ್ಕಿಂತ ಹೆಚ್ಚಾಗಿ, ಉರಿಯುವ ಅಗ್ಗಿಷ್ಟಿಕೆಯು ಇಂಗ್ಲಿಷರ ಸಂಸಾರದ ನಡುಮನೆಯಾಗಿತ್ತು. ಮನೆಯವರೆಲ್ಲ ಅದರ ಮುಂದೆ ಅರ್ಧಚಂದ್ರಾಕಾರವಾಗಿ ಕುಳಿತು ಮಾತನಾಡುತ್ತಿದ್ದರು. ಜಾರ್ಜ್ ಆರ್ವೆಲ್ಲನು 1945ರ ಡಿಸೆಂಬರು 8ರಂದು ಒಂದು ಸಂಜೆಪತ್ರಿಕೆಯಲ್ಲಿ ತೆರೆದ ಬೆಂಕಿಯ ಪರವಾಗಿ ಪ್ರಬಂಧವನ್ನೇ ಬರೆದನು. ಅದು ಇಂಧನವನ್ನು ಹಾಳುಮಾಡುತ್ತದೆ, ಕೊಳೆಮಾಡುತ್ತದೆ ಎಂಬುದನ್ನು ಅವನು ಅಲ್ಲಗಳೆಯಲಿಲ್ಲ. ಹಾಗಿದ್ದರೂ ಮನೆಯಲ್ಲಿ ಒಂದಾದರೂ ಇರಬೇಕೆಂದನು. ಅವನ ಪಕ್ಷವನ್ನು ಹುರುಳಿಲ್ಲದ್ದೆಂದು ತಳ್ಳಿಹಾಕುವಂತಿಲ್ಲ. ಕ್ಷಯದಿಂದ ನರಳುತ್ತಿದ್ದ ಮನುಷ್ಯನೇ ಹೊಗೆಯನ್ನು ಕ್ಷಮಿಸಬಲ್ಲವನಾದನೆಂದರೆ ಒಲೆಯ ಮೋಹವು ಎಷ್ಟೆಂಬುದು ವೇದ್ಯವಾಗುತ್ತದೆ.

ಸರಿಯಾಗಿ ಏಳು ವರ್ಷಗಳ ಮೇಲೆ ಅದೇ ದಿನಗಳಲ್ಲಿ ಉತ್ತರ ಬಂದಿತು. 1952ರ ಡಿಸೆಂಬರು 5ನೆಯ ತೇದಿ ಶುಕ್ರವಾರ ದಕ್ಷಿಣ ಇಂಗ್ಲೆಂಡಿನ ಮೇಲೆ ಅಧಿಕ ಒತ್ತಡದ ವಾಯುಮಂಡಲವು ಬಂದು ನಿಂತಿತು. ಗಾಳಿ ಬೀಸುವುದು ನಿಂತುಹೋಯಿತು. ನಿರ್ಮಲವಾದ ದೀರ್ಘರಾತ್ರಿಯಲ್ಲಿ ನೆಲವು ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾದುದರಿಂದ ಅದಕ್ಕೆ ತಗುಲಿದ ಗಾಳಿಯೂ ತಣ್ಣಗಾಗಿ, ಮೇಲಿನ ಗಾಳಿಯೇ ಬೆಚ್ಚಗಾಯಿತು. ಸಾಮಾನ್ಯವಾಗಿ ಮೇಲೆ ಹೋದಂತೆಲ್ಲ ಗಾಳಿ ತಂಪಾಗುವುದಷ್ಟೆ. ಆ ಕ್ರಮವು ತಲೆಕೆಳಗಾದಾಗ ಬೆಚ್ಚನೆಯ ಪದರವು ಮುಚ್ಚಳದಂತೆ ಕೂರುತ್ತದೆ. ಕಾರ್ಖಾನೆಯ ಎತ್ತರವಾದ ಕೊಳವೆಯಿಂದ ಬಿಸಿಯಾಗಿ ನುಗ್ಗುವ ಹೊಗೆ ಒಮ್ಮೊಮ್ಮೆ ಈ ಮುಚ್ಚಳವನ್ನು ದಾಟೀತು; ಮನೆಯ ಮಾಡಿನಿಂದ ಮೆಲ್ಲಗೆ ಏಳುವ ಹೊಗೆಗೆ ಆ ಶಕ್ತಿಯಿಲ್ಲ. ದಿನವೊಂದಕ್ಕೆ ಸುಮಾರು 1000 ಟನ್ನು ಹೊಗೆಯ ಕಣಗಳು ಅದರ ಕೆಳಗೆ ಸೇರಿದುವೆಂದು ಲೆಕ್ಕಹಾಕಿದ್ದಾರೆ. ಹೊಗೆಯು ಸೂರ್ಯನನ್ನು ಮರೆಸಿದುದರಿಂದ ನೆಲ ಕಾಯಲಿಲ್ಲ. ನೆಲ ಕಾಯದುದರಿಂದ ಮುಚ್ಚಳ ಕದಲಲಿಲ್ಲ. ಚಳಿ ಹೆಚ್ಚಿದುದರಿಂದ ಜನರು ಇನ್ನಷ್ಟು ಇದ್ದಲನ್ನು ಒಲೆಗೆ ಹಾಕಿದರು. ನೀರಾವಿಯೂ ಗಂಧಕದ ಅನಿಲವೂ ಸೇರಿ ಮಂಜಿನ ಹನಿಗಳು ಆಮ್ಲವಾದುವು. ಹೀತ್ರೂ ವಿಮಾನನಿಲ್ದಾಣದಲ್ಲಿ ಸುಮಾರು 48 ಗಂಟೆಗಳ ಕಾಲ ಹತ್ತು ಮೀಟರುಗಳಾಚೆ ಏನೂ ಕಾಣಿಸಲಿಲ್ಲ. ಸೋಮವಾರ ರಾತ್ರಿ ಸ್ಯಾಡ್ಲರ್ಸ್ ವೆಲ್ಸ್ ರಂಗಮಂದಿರದೊಳಕ್ಕೆ ಹೊಗೆ ನುಗ್ಗಿ ‘ಲಾ ಟ್ರಾವಿಯಾಟ’ ಗೀತನಾಟಕವು ನಡುವೆಯೇ ನಿಂತಿತು. ಆ ನಾಟಕದ ನಾಯಕಿಯೂ ಕ್ಷಯದಿಂದ ಸಾಯತಕ್ಕವಳು.

ಇದರಲ್ಲಿ ಪ್ರಕೃತಿಯ ಪಾಲೆಷ್ಟು, ಮನುಷ್ಯರ ಪಾಲೆಷ್ಟು ಎಂಬುದಕ್ಕೆ ಒಂದು ಸಂಗತಿ ಸಾಕು. ಯುದ್ಧಾನಂತರದ ಬ್ರಿಟನ್ನು ಸಾಲ ತೀರಿಸುವುದಕ್ಕಾಗಿ ಒಳ್ಳೆಯ ಇದ್ದಲನ್ನು ಪರದೇಶಗಳಿಗೆ ಮಾರುತ್ತಿತ್ತು. 1947ರ ಕಠಿನವಾದ ಚಳಿಗಾಲದಲ್ಲಿ ಇದ್ದಲು ಸಾಲದೆ ಕಾರ್ಖಾನೆಗಳೇ ಮುಚ್ಚಿದ್ದುವು. ಮನೆಬಳಕೆಯ ಇದ್ದಲಿಗೆ ಪಡಿತರವಿದ್ದ ಆ ಕಾಲದಲ್ಲಿ ‘ನಟಿ ಸ್ಲ್ಯಾಕ್’ ಎಂಬ ಪುಡಿಯೂ ಚೂರೂ ಬೆರೆತ ಅಗ್ಗದ ಇದ್ದಲನ್ನು ಡಿಸೆಂಬರು ಮೊದಲಲ್ಲಿಯೇ ಪಡಿತರದಿಂದ ಬಿಡಿಸಿ ಮಾರಾಟಕ್ಕೆ ಬಿಟ್ಟರು. ಅದು ಶಾಖ ಕಡಮೆ, ಹೊಗೆ ಹೆಚ್ಚು ಕೊಡುವ ಸರಕು. ಕೊಂಡವರು ಬಡವರು.

ಡಿಸೆಂಬರು 9ರಂದು ಗಾಳಿ ಬೀಸಿ ಮಂಜು ಕರಗಿತು. ಆ ವೇಳೆಗೆ ಸಂಭವಿಸಿದುದರ ಅಳತೆ ಯಾರಿಗೂ ತಿಳಿದಿರಲಿಲ್ಲ. ಪತ್ರಿಕೆಗಳಲ್ಲಿ ಮೊದಲು ಬಂದುದು ಸ್ಮಿತ್‌ಫೀಲ್ಡ್ ಪ್ರದರ್ಶನದ ದನಗಳು ಉಸಿರುಕಟ್ಟಿದ ಸುದ್ದಿ. ಮನುಷ್ಯರು ತಮ್ಮ ತಮ್ಮ ಕೋಣೆಗಳಲ್ಲಿ ಒಬ್ಬೊಬ್ಬರಾಗಿ ಸತ್ತುದರಿಂದ ಲೆಕ್ಕಕ್ಕೆ ಬರಲು ತಡವಾಯಿತು. ಜನನಮರಣಗಳ ದಾಖಲೆಯಿಂದ ತಿಳಿದುಬಂದುದೇನೆಂದರೆ, ಡಿಸೆಂಬರು 13ಕ್ಕೆ ಮುಗಿದ ವಾರದಲ್ಲಿ ಲಂಡನ್ನಿನ ವಿಶಾಲಪ್ರದೇಶದಲ್ಲಿ 4703 ಜನರು ಸತ್ತಿದ್ದರು. ಹಿಂದಿನ ವರ್ಷದ ಅದೇ ವಾರದ ಸಂಖ್ಯೆ 1852. ಮೊದಲ ಅಂದಾಜಿನಂತೆ ಹೊಗೆಮಂಜಿಗೆ ಬಲಿಯಾದವರು ಸುಮಾರು 4000. ಮುಂದಿನ ತಿಂಗಳುಗಳ ಅಧಿಕಮರಣಗಳನ್ನು ಸರ್ಕಾರವು ಇನ್‌ಫ್ಲುಯೆಂಜ ಜ್ವರದ ತಲೆಗೆ ಕಟ್ಟಿತು. ಐವತ್ತು ವರ್ಷಗಳ ತರುವಾಯ ಆ ಅಂಕೆಗಳನ್ನು ಮತ್ತೆ ಪರಿಶೋಧಿಸಿದ ವಿದ್ವಾಂಸರು ಜ್ವರದಿಂದ ಅಷ್ಟನ್ನು ವಿವರಿಸಲಾಗದೆಂದೂ ಒಟ್ಟು ಸಂಖ್ಯೆ 12000ದ ಹತ್ತಿರವೆಂದೂ ಹೇಳಿರುವರು.

ಸರ್ಕಾರವು ಮೊದಲು ಹಿಂಜರಿಯಿತು. ಪಾರ್ಲಿಮೆಂಟಿನಲ್ಲಿ ಪ್ರಶ್ನೆಗಳು ಹೆಚ್ಚಿದ ಮೇಲೆ 1953ರಲ್ಲಿ ಸರ್ ಹ್ಯೂ ಬೀವರನ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. 1954ರ ಅದರ ವರದಿಯಲ್ಲಿ ಹಳೆಯ ವಾದಗಳೆರಡೂ ಕೈಕೂಡಿದುವು. ದೇಶದ ಇದ್ದಲಿನಲ್ಲಿ ಐದನೆಯ ಒಂದು ಭಾಗಕ್ಕೂ ಕಡಮೆಯನ್ನು ಉರಿಸುವ ಮನೆಗಳು ಹೊಗೆಯಲ್ಲಿ ಸುಮಾರು ಅರ್ಧವನ್ನು ಹೊರಬಿಡುತ್ತವೆ. ಮಲಿನವಾಯುವಿನಿಂದ ದೇಶಕ್ಕೆ ವರ್ಷಕ್ಕೆ 25 ಕೋಟಿ ಪೌಂಡು ನಷ್ಟ. ರಮ್‌ಫರ್ಡನೂ ರಸೆಲ್ಲನೂ ಹೇಳಿದ್ದುದಕ್ಕೆ ಅಂಕೆಗಳು ಬಂದು ಸೇರಿದುವು, ಅಷ್ಟೆ. ಜೆರಾಲ್ಡ್ ನಬಾರೊ ಎಂಬ ಸದಸ್ಯನು ಖಾಸಗಿಯಾಗಿ ಮಸೂದೆಯನ್ನು ತಂದುದರಿಂದ ಸರ್ಕಾರವು ತಾನೇ ಮಸೂದೆ ತರುವುದಾಗಿ ಒಪ್ಪಬೇಕಾಯಿತು. 1956ರ ಜುಲೈ ತಿಂಗಳಲ್ಲಿ ನಿರ್ಮಲವಾಯು ಶಾಸನವು ಅಂಗೀಕೃತವಾಯಿತು. ಸ್ಥಳೀಯ ಸಂಸ್ಥೆಗಳು ಹೊಗೆನಿಯಂತ್ರಣದ ಪ್ರದೇಶಗಳನ್ನು ಗೊತ್ತುಮಾಡಬಹುದಾಯಿತು. ಅಂತಹ ಪ್ರದೇಶದಲ್ಲಿ ಒಲೆ ಬದಲಾಯಿಸುವ ಖರ್ಚಿನಲ್ಲಿ ನೂರಕ್ಕೆ 70ರಷ್ಟು ಸಾರ್ವಜನಿಕ ಹಣದಿಂದ ಮನೆಯವರಿಗೆ ಸಿಕ್ಕಿತು. ಈ ಎರಡನೆಯ ಏರ್ಪಾಡೇ ಶಾಸನದ ಜೀವಾಳ. ಉಪದೇಶವೂ ದಂಡವೂ ಮಾಡಲಾರದ ಕೆಲಸವನ್ನು ಅದು ಮಾಡಿತು.

ಶಾಸನಕ್ಕೆ ಕೊರತೆಗಳೂ ಇದ್ದುವು. ಅದು ಹೊಗೆಯನ್ನು ಹಿಡಿಯಿತು. ಕಣ್ಣಿಗೆ ಕಾಣದ ಗಂಧಕದ ಅನಿಲವನ್ನು ಬಹುಮಟ್ಟಿಗೆ ಬಿಟ್ಟಿತು. 1962ರ ಡಿಸೆಂಬರಿನಲ್ಲಿ ಇನ್ನೊಂದು ಹೊಗೆಮಂಜು ಕವಿದು ನೂರಾರು ಜನರು ತೀರಿಕೊಂಡರು. ಕ್ರಮೇಣ ವಿದ್ಯುತ್ತೂ ಸಮುದ್ರತಳದ ಅನಿಲವೂ ಮನೆಗಳನ್ನು ಹೊಕ್ಕು ಇದ್ದಲನ್ನು ಹೊರದೂಡಿದುವು.

ಆದರೂ ಒಲೆಯ ಮೋಹವು ಅಳಿಯಲಿಲ್ಲ. ಇಪ್ಪತ್ತೊಂದನೆಯ ಶತಮಾನದಲ್ಲಿ ಲಂಡನ್ನಿನ ಸ್ಥಿತಿವಂತರ ಮನೆಗಳಲ್ಲಿ ಸೌದೆಯ ಒಲೆಗಳು ಅಲಂಕಾರಕ್ಕೂ ಬೆಚ್ಚಗಿರುವುದಕ್ಕೂ ಮರಳಿ ಬಂದುವು. ಅವುಗಳಿಂದೇಳುವ ಸೂಕ್ಷ್ಮಕಣಗಳ ವಿಷಯದಲ್ಲಿ ವೈದ್ಯರೂ ಪರಿಸರಸಂಘಗಳೂ ಮತ್ತೆ ದೂರತೊಡಗಿದರು. ಇಂಗ್ಲೆಂಡಿನಲ್ಲಿ 2021ರ ಮೇ 1ರಿಂದ ಜಾರಿಯಾದ ನಿಯಮದಂತೆ ಎರಡು ಘನಮೀಟರಿಗಿಂತ ಕಡಮೆ ಪ್ರಮಾಣದಲ್ಲಿ ಮಾರುವ ಸೌದೆಯಲ್ಲಿ ನೀರಿನಂಶವು ನೂರಕ್ಕೆ 20ನ್ನು ಮೀರಕೂಡದು. 2023ರ ಮೇ ತಿಂಗಳಿಂದ ಮನೆಬಳಕೆಗೆ ಹಳೆಯ ಬಗೆಯ ಕಲ್ಲಿದ್ದಲಿನ ಮಾರಾಟವೇ ನಿಂತಿದೆ. ಆರ್ದ್ರೇಂಧನವನ್ನು ಹೆಸರಿಟ್ಟು ನಿಷೇಧಿಸುವುದಕ್ಕೆ ಎವೆಲಿನ್ನನ ಪುಸ್ತಿಕೆಯಿಂದ 360 ವರ್ಷಗಳು ಹಿಡಿದುವು.